ಮೂಗು ಮೇಸ್ತ್ರಿ ಮನೆಯ ಊಟ

ಅಪ್ಪನಿಗೆ ವಾಸನೆ ಗೊತ್ತಾಗುತ್ತಿರಲಿಲ್ಲ.

ಒಂಬತ್ತು ವರ್ಷದ ಹಿಂದೆ ಕಟ್ಟಡದ ಸಾರವೆಯ ಮೇಲಿಂದ ಬಿದ್ದು ತಲೆಯ ಹಿಂಭಾಗಕ್ಕೆ ಏಟಾಗಿತ್ತು. ಆರು ಹೊಲಿಗೆ, ನಾಲ್ಕು ದಿನ ಆಸ್ಪತ್ರೆ. ಮನೆಗೆ ಬಂದ ವಾರದಲ್ಲೇ ಒಂದು ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ಕೂತು ಪೇಪರ್ ಓದುತ್ತಿದ್ದ. ಒಲೆಯ ಮೇಲೆ ಹಾಲು ಉಕ್ಕಿ, ಬತ್ತಿ, ಸೀದು ಪಾತ್ರೆ ಕರಿಯಾಗುತ್ತಿತ್ತು. ಅಪ್ಪ ಪುಟ ತಿರುಗಿಸಿದ. ಅಮ್ಮ ಹಿತ್ತಲಿಂದ ಓಡಿಬಂದು ಒಲೆ ಆರಿಸಿ ಅವನ ಮುಖ ನೋಡಿದಳು. ನಮಗೆ ವಿಷಯ ಗೊತ್ತಾದದ್ದು ಹಾಗೆ. ನರ ತುಂಡಾಗಿದೆ, ಮತ್ತೆ ಕೂಡುವುದಿಲ್ಲ ಎಂದರು ಡಾಕ್ಟರು.

ದರ್ಜಿಗೋ ಗುಮಾಸ್ತನಿಗೋ ಹೀಗಾಗಿದ್ದರೆ ದೊಡ್ಡ ಮಾತಲ್ಲ. ಅಪ್ಪ ಸೆಪ್ಟಿಕ್ ಟ್ಯಾಂಕ್ ಕಟ್ಟುವ ಮೇಸ್ತ್ರಿ. ಕಟ್ಟುವುದಕ್ಕಿಂತ ಕೆಟ್ಟದ್ದನ್ನು ಹುಡುಕುವುದರಲ್ಲಿ ಅವನಿಗೆ ಹೆಚ್ಚು ಹೆಸರು. ಯಾರದೋ ಅಂಗಳದಲ್ಲಿ ನಿಂತು ಎರಡು ಸಲ ಮೂಗೆಳೆದು “ಇಲ್ಲಿ ಅಗೀರಿ” ಎಂದು ಬೆರಳು ತೋರಿಸಿದರೆ ಒಡೆದ ಪೈಪು ಅಲ್ಲೇ ಸಿಗುತ್ತಿತ್ತು. ಅದಕ್ಕೇ ಊರು ಅವನನ್ನು ಮೂಗು ಮೇಸ್ತ್ರಿ ಎನ್ನುತ್ತಿತ್ತು. ಅವನ ನಿಜವಾದ ಹೆಸರು ಮತದಾರರ ಪಟ್ಟಿಯಲ್ಲಿ ಮಾತ್ರ ಇತ್ತು.

“ಯಾರ ಹತ್ರಾನೂ ಬಾಯಿ ಬಿಡಬೇಡಿ,” ಎಂದಳು ಅಮ್ಮ. “ಮೂಗಿಲ್ಲದ ಮೂಗು ಮೇಸ್ತ್ರಿ ಅಂತ ಊರೆಲ್ಲ ನಗುತ್ತೆ. ಆಮೇಲೆ ಕೆಲಸ ಕೊಡೋರು ಯಾರು?”

ಅಂದಿನಿಂದ ಅವಳೂ ಅವನ ಜೊತೆ ಕೆಲಸಕ್ಕೆ ಹೊರಟಳು. ಟೇಪು ಹಿಡಿಯುವ ನೆಪ. ಉಕ್ಕಿನ ಪಟ್ಟಿಯ ಅಳತೆ ಟೇಪು, ಗುಂಡಿ ಒತ್ತಿದರೆ ಫಟ್ಟೆಂದು ಒಳಗೆ ಸುತ್ತಿಕೊಳ್ಳುವಂಥದ್ದು. ವಾಸನೆ ಇರುವ ಕಡೆ ನಿಂತು ಅಮ್ಮ ಟೇಪನ್ನು ಫಟ್ಟೆಂದು ಮುಚ್ಚುತ್ತಿದ್ದಳು. ಜೋರಾಗಿದ್ದರೆ ಎರಡು ಸಲ. ಇಲ್ಲದಿದ್ದರೆ ಪಟ್ಟಿಯನ್ನು ಎಳೆದು ಹಿಡಿದೇ ಇರುತ್ತಿದ್ದಳು. ಅಪ್ಪ ಮೂಗೆಳೆದಂತೆ ಮಾಡಿ, ಕಿವಿಯಲ್ಲಿ ಕೇಳಿ, ಬೆರಳು ತೋರಿಸುತ್ತಿದ್ದ. ಮೂರು ವರ್ಷದ ಹಿಂದೆ ಅಮ್ಮ ಸತ್ತಳು. ಟೇಪು ನನ್ನ ಕೈಗೆ ಬಂತು. ಬೆಳಿಗ್ಗೆ ಅಪ್ಪನ ಜೊತೆ ಹೋಗಿ ಟೇಪು ಹಿಡಿಯುತ್ತಿದ್ದೆ, ಮಧ್ಯಾಹ್ನದ ಮೇಲೆ ಔಷಧದಂಗಡಿಯಲ್ಲಿ ನಿಲ್ಲುತ್ತಿದ್ದೆ. ಅಪ್ಪನ ಕೆಲಸದವರು ನನಗೆ ಟೇಪಮ್ಮ ಎಂದು ಹೆಸರಿಟ್ಟರು. ಯಾಕೆ ಸುಮ್ಮಸುಮ್ಮನೆ ಟೇಪು ಮುಚ್ಚುತ್ತೀಯ ಎಂದು ಯಾರೂ ಕೇಳಲಿಲ್ಲ. ಹೆಂಗಸರಿಗೆ ಕೈ ಸುಮ್ಮನಿರುವುದಿಲ್ಲ ಎಂದುಕೊಂಡಿರಬೇಕು.

ನನ್ನ ಮದುವೆ ಎರಡು ಸಲ ಮುಂದಕ್ಕೆ ಹೋಗಿತ್ತು. ಮೊದಲ ಸಲ ಹುಡುಗನ ತಾತ ತೀರಿಕೊಂಡರು. ಎರಡನೆಯ ಸಲ ಅಪ್ಪನೇ ಮುಂದೂಡಿದ. ಬಟ್ಟೆ ಕಾರ್ಖಾನೆಯ ಟ್ಯಾಂಕಿನ ಗೋಡೆ ಬಿರುಕು ಬಿಟ್ಟಿತ್ತು, ಅರ್ಧಕ್ಕೆ ಬಿಟ್ಟು ಬರಲಾರೆ ಎಂದ. ಹುಡುಗ ಆಸ್ಪತ್ರೆಯಲ್ಲಿ ಎಲೆಕ್ಟ್ರಿಷಿಯನ್. ಅವನ ಮನೆಯಲ್ಲೇ ಅವನನ್ನು ಕರೆಂಟು ಎನ್ನುತ್ತಾರೆ, ಬೇಕೆಂದಾಗ ಇರುವುದಿಲ್ಲ, ಹಿಡಿದುಕೊಂಡರೆ ಬಿಡುವುದಿಲ್ಲ ಎಂದು. ಒಳ್ಳೆಯವನು. ಅವನ ತಾಯಿ ಫೋನಿನಲ್ಲಿ ನಗುತ್ತಲೇ ಹೇಳಿದ್ದರು: “ಮೂರನೇ ಸಲವೂ ಮುಂದಕ್ಕೆ ಹೋದ್ರೆ, ಇದು ಆಗೋದೇ ಬೇಡ ಅಂತಿರಬೇಕು ಬಿಡಮ್ಮ.” ನನಗೆ ನಗು ಬರಲಿಲ್ಲ. ನನಗೆ ಇಪ್ಪತ್ತೊಂಬತ್ತಾಗಿತ್ತು.

ಶನಿವಾರ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ, ಭಾನುವಾರ ಮಧ್ಯಾಹ್ನ ಊಟ ಎಂದು ನಿಶ್ಚಯವಾಯಿತು. ಊಟ ಯಾವುದಾದರೂ ಹಾಲ್‌ನಲ್ಲಿರಲಿ ಎಂದೆ ನಾನು.

“ನಾನು ಕಟ್ಟಿದ ಮನೆ ಇದೆ,” ಎಂದ ಅಪ್ಪ.

“ಇನ್ನೂರು ಜನ ಅಪ್ಪ. ಎರಡು ಕಕ್ಕಸು.”

“ಅದೇ ಬೇಕಾಗಿರೋದು. ಇನ್ನೂರು ಜನಕ್ಕೆ ಮನೆ ಟ್ಯಾಂಕನ್ನ ಹ್ಯಾಗೆ ಸಜ್ಜು ಮಾಡ್ತಾರೆ ಅಂತ ಬಂದೋರು ನೋಡಲಿ. ಅರ್ಧಕ್ಕರ್ಧ ಜನ ನನ್ನ ಗಿರಾಕಿಗಳೇ.”

“ಸಹಿ ಮಾಡಿ ಸುಮ್ಮನೆ ಹೊರಡ್ತೀವಿ. ಊಟ ಆಮೇಲೆ ಯಾವಾಗಲಾದರೂ—”

“ಊಟ ಹಾಕದೆ ಕಳಿಸೋಕೆ ನೀನೇನು ಪಾರ್ಸೆಲ್ಲಾ? ಊಟ ಇಲ್ಲ ಅಂದ್ರೆ ಸಹೀನೂ ಇಲ್ಲ.”

ಮಾತು ಅಲ್ಲಿಗೆ ಮುಗಿಯಿತು.

ಎದುರು ಬೀದಿಯಲ್ಲಿ ಶಾಲೆ. ಅದಕ್ಕೆ ಹೊಸ ಟ್ಯಾಂಕು ಕಟ್ಟುವ ಕೆಲಸವನ್ನು ಅಪ್ಪ ಒಪ್ಪಿಕೊಂಡಿದ್ದ. ಅವನು ಅದುವರೆಗೆ ಹಿಡಿದ ಕೆಲಸಗಳಲ್ಲೆಲ್ಲ ದೊಡ್ಡದು. ಆ ವಿಷಯ ಮಾತಾಡಲು ಬಂದ ಹೆಡ್‌ಮಾಸ್ತರು ಹೊರಡುವಾಗ ಹೇಳಿದರು: “ಭಾನುವಾರ ಶಾಲೆ ಖಾಲಿ ಮೇಸ್ತ್ರಿ. ಎಂಟು ಕಕ್ಕಸು ಇವೆ. ಬೇಕಾದ್ರೆ ಬೀಗದಕೈ ಇಸ್ಕೊಳ್ಳಿ.”

“ನಮ್ಮನೆಗೆ ಊಟಕ್ಕೆ ಬಂದೋರು ಕೈ ತೊಳೆಯೋಕೆ ನಿಮ್ಮ ಶಾಲೆಗೆ ಬರೋದಾ ಸಾರ್? ಹೋಟೆಲ್ಲಿನೋನು ಪಕ್ಕದ ಹೋಟೆಲಲ್ಲಿ ಉಂಡ ಹಾಗಾಯ್ತು.” ಇಬ್ಬರೂ ನಕ್ಕರು. ಬೀಗದಕೈ ಹೆಡ್‌ಮಾಸ್ತರ ಜೇಬಿನಲ್ಲೇ ಉಳಿಯಿತು.

ಊಟಕ್ಕೆ ಹತ್ತು ದಿನ ಮುಂಚೆ, ಗುರುವಾರ, ಟ್ಯಾಂಕು ಬರಿದು ಮಾಡುವ ಲಾರಿ ಬಂತು. ಅದರ ಡ್ರೈವರಿಗೆ ಸೊಂಡಿಲು ಎಂದು ಹೆಸರು, ಲಾರಿಯ ಹಿಂದಿನ ದಪ್ಪ ಕೊಳವೆಯಿಂದ ಬಂದದ್ದು. ಅಪ್ಪ ಚಪ್ಪಡಿ ಎತ್ತಿಸಿ, ಟಾರ್ಚು ಬಿಟ್ಟು, ಕೋಲು ಇಳಿಸಿ ಆಳ ನೋಡಿದ. ಪೂರ್ತಿ ಹೀರಲು ಬಿಡಲಿಲ್ಲ.

“ಒಂದು ಗೇಣು ಹೂಳು ಬಿಡು ಸೊಂಡಿಲು. ಹೊಸದು ಬಿದ್ದಿದ್ದನ್ನ ಕರಗಿಸೋದು ಹಳೇದೇ.”

“ಇನ್ನೂರು ಜನದ್ದು ಬೀಳುತ್ತಲ್ಲ, ಅಷ್ಟರಲ್ಲಿ ಯಾವುದು ಹಳೇದು ಯಾವುದು ಹೊಸದು ಅಂತ ಅದಕ್ಕೆ ಗೊತ್ತಾಗುತ್ತಾ ಮೇಸ್ತ್ರಿ?”

“ನಿನಗಿಂತ ಚೆನ್ನಾಗಿ ಗೊತ್ತಾಗುತ್ತೆ. ಬಿಡು ಅಂದ್ರೆ ಬಿಡು.”

ಸೊಂಡಿಲು ಕೊಳವೆ ಸುತ್ತುತ್ತ ಕಾಂಪೌಂಡ್ ಗೋಡೆಯ ಮೂಲೆಯ ಕಡೆ ನೋಡಿದ. ಅಲ್ಲಿ ನೆಲದಡಿ ಇಂಗುಗುಂಡಿ ಇತ್ತು. ಟ್ಯಾಂಕಿನಲ್ಲಿ ಗಟ್ಟಿಯಾದದ್ದು ತಳಕ್ಕೆ ಕೂತು ತಿಳಿನೀರು ಹರಿದು ಹೋಗುವುದು ಅಲ್ಲಿಗೆ; ಇಟ್ಟಿಗೆ ಚೂರುಗಳ ಸಂದಿನಲ್ಲಿಳಿದು ಮಣ್ಣು ಸೇರುತ್ತದೆ. ಟ್ಯಾಂಕನ್ನು ಬರಿದು ಮಾಡಬಹುದು, ಇಂಗುಗುಂಡಿಯ ಮಣ್ಣು ಒಮ್ಮೆ ಜಿಡ್ಡು ಹಿಡಿದು ಮುಚ್ಚಿಕೊಂಡರೆ ಬೇರೆ ಗುಂಡಿ ತೋಡುವುದೇ ದಾರಿ.

“ಅದು ಇಪ್ಪತ್ತೆರಡು ವರ್ಷದ್ದಲ್ವಾ? ಒಂದ್ಸಲ ತೆಗೆದು ನೋಡ್ಬಿಡಿ.”

“ಅದು ಕಟ್ಟಿಕೊಂಡಿದ್ರೆ ಮೊದಲು ವಾಸನೆ ಹೇಳುತ್ತೆ. ಬಂದ್ರೆ ತೆಗೀತೀನಿ,” ಎಂದ ಅಪ್ಪ. “ತೆಗೆದ್ರೆ ಹೊಸದು ತೋಡಿ ಮುಗಿಸೋಕೆ ಹದಿನೈದು ದಿನ. ಊಟ ಮುಂದಕ್ಕೆ ಹಾಕಬೇಕಾಗುತ್ತೆ.”

ಹೇಳುವಾಗ ಅವನು ಸೊಂಡಿಲಿನ ಕಡೆ ನೋಡುತ್ತಿದ್ದ. ಮಾತು ನನಗೆ.

ಮರುದಿನದಿಂದ ಅಪ್ಪನ ಕಾನೂನು ಶುರುವಾಯಿತು. ಮನೆಯ ಬಟ್ಟೆ ಮನೆಯಲ್ಲಿ ಒಗೆಯುವಂತಿಲ್ಲ, ಹೊರಗೆ ಕೊಡಬೇಕು. ಅಡುಗೆಮನೆಯ ನೀರು, ಪಾತ್ರೆ ತೊಳೆದ ನೀರು ಟ್ಯಾಂಕಿಗೆ ಬೀಳದಂತೆ ಪೈಪು ಕತ್ತರಿಸಿ ಹಿತ್ತಲಿನ ಉದ್ದ ಕಾಲುವೆಗೆ ತಿರುಗಿಸಿದ. ಫ್ಲಷ್ ತೊಟ್ಟಿಗಳೊಳಗೆ ಒಂದೊಂದು ಇಟ್ಟಿಗೆ ಇಟ್ಟ, ಎಳೆದಾಗ ನೀರು ಕಡಿಮೆ ಹೋಗಲಿ ಎಂದು. ಶಾಮಿಯಾನದವನು ಗೂಟ ಹೊಡೆಯಲು ಬಂದಾಗ ಟ್ಯಾಂಕು, ಇಂಗುಗುಂಡಿಗಳ ಸುತ್ತ ಸುಣ್ಣದ ಗೆರೆ ಎಳೆದು ಗಡಿ ತೋರಿಸಿದ: ಈ ಗೆರೆಯೊಳಗೆ ಗೂಟವಿಲ್ಲ, ಗಾಡಿಯಿಲ್ಲ, ನೀರಿನ ಡ್ರಮ್ಮಿಲ್ಲ.

“ಮದುವೆ ಊಟಾನೋ ಯುದ್ಧಾನೋ ಮೇಸ್ತ್ರಿ?” ಎಂದ ಶಾಮಿಯಾನದವನು.

“ಎರಡರಲ್ಲೂ ಜನ ಮೊದಲು ಹುಡುಕೋದು ಕಕ್ಕಸೇ,” ಎಂದ ಅಪ್ಪ.

ಗೋಡೆಯ ಮೂಲೆಯಲ್ಲಿ ನೆರಳಿತ್ತು. ಅಲ್ಲಿ ಜಮಖಾನೆ ಹಾಸಿ ಹಿರಿಯರಿಗೆ ಕುರ್ಚಿ ಹಾಕಬಹುದು, ಕುರ್ಚಿಯ ಭಾರಕ್ಕೆ ಇಂಗುಗುಂಡಿಗೇನೂ ಆಗುವುದಿಲ್ಲ ಎಂದು ಅವನೇ ಲೆಕ್ಕ ಹಾಕಿದ. ನೆಲ ಒಣಗಿ ಬಿಳಿಚಿಕೊಂಡಿತ್ತು.

ದಿನಾ ಬೆಳಿಗ್ಗೆ ಹಲ್ಲುಜ್ಜಿದ ಮೇಲೆ ನಾವಿಬ್ಬರೂ ಅಂಗಳ ಸುತ್ತುತ್ತಿದ್ದೆವು. ಗಾಳಿ ಪೈಪಿನ ಬುಡ, ಟ್ಯಾಂಕಿನ ಚಪ್ಪಡಿಯ ಸಂದು, ಆಮೇಲೆ ಇಂಗುಗುಂಡಿಯ ಮೂಲೆ. ನಮ್ಮನೆಯಲ್ಲಿ ಟೇಪಿನ ನಾಟಕ ಬೇಕಿರಲಿಲ್ಲ. ಬಾಯಲ್ಲೇ ಹೇಳುತ್ತಿದ್ದೆ. ಶುಕ್ರವಾರ ಏನಿಲ್ಲ. ಶನಿವಾರ ಏನಿಲ್ಲ. ಪರೀಕ್ಷೆಗೆಂದು ಅಪ್ಪ ಭಾನುವಾರದಿಂದ ದಿನಕ್ಕೆ ಐವತ್ತು ಕೊಡ ನೀರು ಟ್ಯಾಂಕಿಗೆ ಸುರಿದ. ಸೋಮವಾರ ಏನಿಲ್ಲ. ಮಂಗಳವಾರ ಏನಿಲ್ಲ.

ಬುಧವಾರ ಬಂತು. ಜೋರಾಗಿರಲಿಲ್ಲ. ಮೂಲೆಯಲ್ಲಿ ಗೋಡೆಗೆ ಹತ್ತಿ ನಿಂತರೆ ಮಾತ್ರ, ಕೊಳೆತ ಮೊಟ್ಟೆಯ ನಾತ, ಬಂದು ಹೋಯಿತು. ಎರಡು ಹೆಜ್ಜೆ ಹಿಂದೆ ಬಂದೆ. ಮತ್ತೆ ಮುಂದೆ ಹೋದೆ. ಇತ್ತು.

ಅಪ್ಪ ಕೈಕಟ್ಟಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದ.

“ಹ್ಞಾಂ?”

ಹದಿನೈದು ದಿನ ಎಂದು ಅವನು ಹೇಳಿದ್ದು ತಲೆಯಲ್ಲಿತ್ತು. ಹುಡುಗನ ತಾಯಿಯ ನಗು ಇತ್ತು. ಕರೆಂಟಿಗೆ ಮತ್ತೆ ರಜೆ ಸಿಗಬೇಕಾದರೆ ಐದು ತಿಂಗಳು. ಇದೆಲ್ಲ ಯೋಚಿಸಿ ಹೇಳಿದೆ ಎಂದರೆ ಅದು ಇನ್ನೊಂದು ಸುಳ್ಳು. ಬಾಯಿಗೆ ಅಭ್ಯಾಸವಾಗಿದ್ದ ಮಾತು ಹೊರಗೆ ಬಂತು, ನಾನು ಅದನ್ನು ಹಿಂದಕ್ಕೆ ಕರೆಯಲಿಲ್ಲ.

“ಏನಿಲ್ಲಪ್ಪ.”

“ಮೂಲೇಲಿ?”

“ಮೂಲೇಲೂ ಇಲ್ಲ.”

“ನೋಡ್ದ್ಯಾ? ಸೊಂಡಿಲಿಗೆ ಹೇಳಬೇಕು, ಮೂಗು ಮೇಸ್ತ್ರಿ ಕಟ್ಟಿದ್ದು ಅಂತ,” ಎಂದು ಅಪ್ಪ ಹಲ್ಲು ಬಿಟ್ಟ. ಬೆಳಗಿನ ತಿಂಡಿಗೆ ಎರಡು ಸಲ ಹಾಕಿಸಿಕೊಂಡ.

ನಾನು ಅಂಗಡಿಯಿಂದ ಬರುವಾಗ ಎರಡು ಪೊಟ್ಟಣ ಬ್ಲೀಚಿಂಗ್ ಪುಡಿ ತಂದು ಮೂಲೆಗೆ ಎರಚಿದೆ. ಇರುವೆಗೆ ಎಂದೆ. ಪುಡಿಯ ಘಾಟು ಆ ನಾತವನ್ನು ಒಂದು ದಿನ ಮುಚ್ಚಿತು. ಒಂದು ಮಧ್ಯಾಹ್ನದ ಮಾತು, ತಡೆದುಕೊಳ್ಳುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಶುಕ್ರವಾರ ಅಪ್ಪನ ಅಕ್ಕ ಬಂದಳು. ನನ್ನ ಸೋದರತ್ತೆ. ಎಲ್ಲಿಗೆ ಹೋದರೂ ಚೀಲದಲ್ಲಿ ಒಂದು ಬ್ರಷ್ಷು ಇರುತ್ತದೆ ಅವಳಿಗೆ. ಬಂದ ಅರ್ಧ ಗಂಟೆಯಲ್ಲಿ ಎರಡೂ ಕಕ್ಕಸಿಗೆ ಒಂದೊಂದು ಬಾಟಲಿ ಆಸಿಡ್ ಸುರಿದು, ಮೇಲೆ ಫಿನಾಯಿಲ್ ಹಾಕಿ ಉಜ್ಜಿ ಹೊಳೆಯಿಸಿದಳು. ಅಪ್ಪ ನೋಡಿ ತಲೆಯ ಮೇಲೆ ಕೈ ಹೊತ್ತುಕೊಂಡ.

“ಅಕ್ಕಾ, ಆ ಟ್ಯಾಂಕಿನೊಳಗೆ ಜೀವ ಇದೆ. ಅದನ್ನ ನಾನು ಎಂಟು ದಿನದಿಂದ ಸಾಕ್ತಿದ್ದೀನಿ. ನೀನು ಬಂದ ಕೂಡಲೆ ವಿಷ ಹಾಕಿದೆಯಲ್ಲ!”

“ಥೂ, ಹುಳ ಸಾಕೋನೇ! ಬೀಗರು ಬಂದು ಹಳದಿ ಬಟ್ಟಲು ನೋಡಬೇಕಾ?” ಎಂದಳು ಅತ್ತೆ. ಆಮೇಲೆ ನನ್ನ ಹಿಂದೆ ಅಂಗಳಕ್ಕೆ ಬಂದು ಮೂಗಿಗೆ ಸೆರಗು ಹಿಡಿದಳು. “ಏನೇ ಇದು, ಈ ಮೂಲೇಲಿ ನಾತ?”

ಅಪ್ಪ ಒಳಗಿದ್ದ. ಕಿಟಕಿ ತೆರೆದಿತ್ತು.

“ಪಕ್ಕದ ಮನೆಯವರದು ಅತ್ತೆ,” ಎಂದೆ ಮೆಲ್ಲಗೆ. “ಅಪ್ಪನಿಗೆ ಹೇಳಬೇಡ. ಸುಮ್ಮನೆ ಅವರ ಜೊತೆ ಜಗಳಕ್ಕೆ ಹೋಗ್ತಾನೆ.”

“ಅವನಿಗೆ ಗೊತ್ತಾಗಿಲ್ವಾ? ಅವನ ಮೂಗಿಗೆ?”

“ಅವನಿಗೆ ಈಗ ಸಾವಿರ ಕೆಲಸ.”

ಅತ್ತೆ ಉಳಿದ ಫಿನಾಯಿಲನ್ನು ಮೂಲೆಗೆ ಸುರಿದು ಒಳಗೆ ಹೋದಳು.

ಶನಿವಾರ ಸಹಿಯಾಯಿತು. ಗುಮಾಸ್ತ ಪೆನ್ನು ಕೊಟ್ಟ, ಕರೆಂಟು ಮಾಡಿದ, ನಾನು ಮಾಡಿದೆ. ಐದು ನಿಮಿಷದ ಕೆಲಸ. ಅಪ್ಪ ಸಾಕ್ಷಿಯ ಸಾಲಿನಲ್ಲಿ ತನ್ನ ನಿಜವಾದ ಹೆಸರನ್ನು ಕಷ್ಟಪಟ್ಟು ಬರೆದ.

ಭಾನುವಾರ ಹನ್ನೊಂದಕ್ಕೆ ಜನ ಬರತೊಡಗಿದರು. ಇನ್ನೂರು ಎಂದುಕೊಂಡದ್ದು ಇನ್ನೂರ ಹದಿನಾಲ್ಕಾಯಿತು. ಗೇಟಿನಲ್ಲಿ ಅತ್ತೆ ಎಣಿಸಿದಳು. ಅಪ್ಪ ಹೊಸ ಬಿಳಿ ಅಂಗಿ ಹಾಕಿ ಗೇಟಿನ ಬಳಿ ನಿಂತಿದ್ದ. ಬಂದ ಗಿರಾಕಿಗಳನ್ನೆಲ್ಲ ಮೊದಲು ಕತ್ತರಿಸಿದ ಪೈಪಿನ ಹತ್ತಿರ ಕರೆದೊಯ್ದು ತೋರಿಸುತ್ತಿದ್ದ. ನೀರು ಎಲ್ಲಿಂದ ಎಲ್ಲಿಗೆ ತಿರುಗಿಸಿದ್ದೇನೆ, ಇಟ್ಟಿಗೆ ಯಾಕೆ, ಹೂಳು ಎಷ್ಟು ಬಿಟ್ಟೆ. ಬೇಕರಿಯವನು, ಲಾಡ್ಜಿನ ಮಾಲೀಕ, ಹಲ್ಲಿನ ಡಾಕ್ಟರ ಹೆಂಡತಿ, ಎಲ್ಲರೂ ತಲೆಯಾಡಿಸಿದರು. ಊಟಕ್ಕೆ ಬಂದ ಮನೆಯಲ್ಲಿ ಕಕ್ಕಸಿನ ಮಾತು ಕೇಳುತ್ತಿದ್ದೇವೆಂದು ಯಾರಿಗೂ ಬೇಸರವಾಗಲಿಲ್ಲ. ಅಪ್ಪ ಹೇಳುವ ರೀತಿ ಹಾಗಿತ್ತು.

ಹನ್ನೆರಡೂವರೆಗೆ ಮೊದಲ ಪಂಕ್ತಿ ಕೂತಿತು. ಕಕ್ಕಸುಗಳ ಮುಂದೆ ಸಾಲು ಕಡಿಮೆಯಾಗಲೇ ಇಲ್ಲ. ಒಂದು ಗಂಟೆಗೆ ಅತ್ತೆ ನನ್ನ ಕಿವಿಗೆ ಬಾಗಿ, “ಒಳಗಿನದ್ದು ಗುಳುಗುಳು ಅಂತಿದೆ. ಎಳೆದ್ರೆ ಇಳೀತಾ ಇಲ್ಲ,” ಎಂದಳು. ನಾನು ಎದ್ದೆ. ಕರೆಂಟಿನ ಇಬ್ಬರು ಚಿಕ್ಕಮ್ಮಂದಿರು ಎರಡೂ ಕೈ ಹಿಡಿದು, “ಎಲ್ಲಿಗೆ ಓಡ್ತೀಯೆ ಮದುಮಗಳೇ, ಫೋಟೋ!” ಎಂದು ಕೂರಿಸಿದರು.

ಅಷ್ಟರಲ್ಲಿ ಅದು ಬಂತು. ಬುಧವಾರದ್ದು ಬಂದು ಹೋಗಿತ್ತು. ಇದು ಬಂದು ನಿಂತಿತು. ಎರಡನೆಯ ಪಂಕ್ತಿಯಲ್ಲಿ ಕೂತವರ ಕೈಗಳು ತಟ್ಟೆಯ ಮೇಲೆ ಹಾಗೇ ನಿಂತವು. ಹೆಂಗಸೊಬ್ಬಳು ಮಗುವಿನ ಮೂಗು ಮುಚ್ಚಿದಳು. ಕರವಸ್ತ್ರಗಳು ಒಂದೊಂದಾಗಿ ಹೊರಬಂದವು. ಚಿಕ್ಕಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿದರು. ಮೂಲೆಯಲ್ಲಿ ಹಿರಿಯರ ಕುರ್ಚಿಗಳ ಕೆಳಗೆ ಕೆಂಪು ಜಮಖಾನೆಯ ಒಂದು ಅಂಚು ಕಪ್ಪಾಗಿತ್ತು. ಕಪ್ಪು ಮೆಲ್ಲಗೆ ಅಗಲವಾಗುತ್ತಿತ್ತು.

ಅಪ್ಪ ಅದೇ ಜಮಖಾನೆಯ ಮೇಲೆ, ಹೆಡ್‌ಮಾಸ್ತರ ಮುಂದೆ, ಸೊಂಟದ ಮೇಲೆ ಕೈಯಿಟ್ಟು ನಿಂತು ನಗುತ್ತಿದ್ದ. ಸುತ್ತ ಮೂವತ್ತು ಜನ ಮೂಗು ಹಿಡಿದಿದ್ದರು. ಅವನೊಬ್ಬನೇ ಬರಿಮುಖದಲ್ಲಿ.

“ಮೇಸ್ತ್ರಿ,” ಎಂದರು ಹೆಡ್‌ಮಾಸ್ತರು, “ಏನೋ ವಾಸನೆ ಬರ್ತಾ ಇದೆಯಲ್ಲ?”

ಅಪ್ಪ ನನ್ನ ಕಡೆ ನೋಡಿದ. ಅಂಗಳದ ಈ ತುದಿಯಲ್ಲಿ ನಾನು, ಎರಡೂ ಕೈ ಬೇರೆಯವರ ಕೈಯಲ್ಲಿ. ಫೋಟೋದವನು ನಗಿ ಎಂದಿದ್ದರಿಂದ ಮುಖದಲ್ಲಿ ನಗು ಹಾಗೇ ಉಳಿದಿತ್ತು. ಟೇಪಿನ ಸದ್ದಿಲ್ಲ. ಒಂಬತ್ತು ವರ್ಷದಿಂದ ಸದ್ದಿಲ್ಲ ಎಂದರೆ ವಾಸನೆ ಇಲ್ಲ.

“ಇಲ್ವಲ್ಲ ಸಾರ್.”

“ಸರಿಯಾಗಿ ನೋಡಿ.”

ಅಪ್ಪ ಮುಖ ಮೇಲೆತ್ತಿ, ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದ. ಗಿರಾಕಿಗಳ ಅಂಗಳದಲ್ಲಿ ಎಳೆಯುತ್ತಿದ್ದ ಹಾಗೆಯೇ, ಎರಡು ಸಲ. ಹತ್ತಿರವಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು.

“ಸಾರ್, ಇದು ನಮ್ಮನೆ ಟ್ಯಾಂಕು. ಇಲ್ಲಿ ವಾಸನೆ ಇದ್ರೆ ಈ ಮೂಗು ಕೊಯ್ದು ನಿಮ್ಮ ಕೈಗೆ ಕೊಡ್ತೀನಿ.”

ಹೆಡ್‌ಮಾಸ್ತರ ಮೊಮ್ಮಗಳು, ಐದಾರು ವರ್ಷದವಳು, ಮೂಗು ಹಿಡಿದ ದನಿಯಲ್ಲಿ, “ತಾತಾ, ಈ ಅಜ್ಜನ ಕಾಲ ಕೆಳಗೇ ಬರ್ತಿದೆ,” ಎಂದಳು.

ಹೆಡ್‌ಮಾಸ್ತರು ನೆಲ ನೋಡಲಿಲ್ಲ, ಅಪ್ಪನ ಮುಖ ನೋಡಿದರು. ಪಾಠ ಓದದೆ ಓದಿದ್ದೇನೆ ಎನ್ನುವವರ ಮುಖಗಳನ್ನು ಮೂವತ್ತು ವರ್ಷ ನೋಡಿದವರು. ಸಣ್ಣ ದನಿಯಲ್ಲೇ ಕೇಳಿದರು: “ಮೇಸ್ತ್ರಿ, ನಿಮಗೆ ಗೊತ್ತಾಗ್ತಾ ಇಲ್ವಾ?”

ನಾನು ಕೈ ಕೊಡವಿಕೊಂಡು ಒಳಗೆ ಓಡಿದೆ. ಟೇಪು ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಯಲ್ಲಿತ್ತು. ಮದುವೆ ಬಟ್ಟೆ ಎತ್ತಿ ಹಿಡಿದು ಜನರ ನಡುವೆ ನುಗ್ಗಿ, ಅಪ್ಪನ ಪಕ್ಕ ನಿಂತು ಪಟ್ಟಿ ಎಳೆದು ಬಿಟ್ಟೆ. ಫಟ್. ಇನ್ನೊಂದು ಸಲ, ಫಟ್.

ಹತ್ತಿರ ಹೋಗಿ ಕಿವಿಯಲ್ಲಿ ಹೇಳಬಹುದಿತ್ತು. ಕೈ ಹಿಡಿದು ಎಳೆಯಬಹುದಿತ್ತು. ಅದು ಆಮೇಲೆ ಹೊಳೆಯಿತು. ಅಪ್ಪನಿಗೆ ವಾಸನೆ ತಿಳಿಸಲು ನನಗೆ ಗೊತ್ತಿದ್ದದ್ದು ಅದೊಂದೇ ದಾರಿ.

ಆ ಸದ್ದು ಅಲ್ಲಿ ನೆರೆದ ಬಹಳ ಜನರಿಗೆ ಪರಿಚಯವಿತ್ತು. ಅವರವರ ಅಂಗಳಗಳಲ್ಲಿ ಕೇಳಿದ್ದರು. ಮೊದಲು ಬಾಯಿ ಬಿಟ್ಟವನು ಬೇಕರಿಯವನು.

“ಓಹೋಹೋ! ಆ ಮೂಗು ಮೇಸ್ತ್ರೀದಲ್ಲ ಕಣ್ರೋ, ಟೇಪಮ್ಮಂದು!”

ಯಾರೋ ನಕ್ಕರು, ಇನ್ಯಾರೋ ಅವರನ್ನು ಸುಮ್ಮನಿರಿಸಿದರು. ಲಾಡ್ಜಿನ ಮಾಲೀಕ ಹಲ್ಲಿನ ಡಾಕ್ಟರ ಹೆಂಡತಿಗೆ ಏನೋ ಹೇಳುತ್ತಿದ್ದ. ಅವಳು ಬಾಯಿ ಮೇಲೆ ಕೈಯಿಟ್ಟು ಅಪ್ಪನನ್ನೇ ನೋಡುತ್ತಿದ್ದಳು. ಅಪ್ಪ ಕೆಳಗೆ ನೋಡಿದ. ಅವನ ಹೊಸ ಚಪ್ಪಲಿಯ ಅಂಚಿಗೆ ಕಪ್ಪು ನೀರು ತಾಗಿತ್ತು. ಕಾಲು ಎತ್ತಲಿಲ್ಲ.

“ಎಲ್ಲರೂ ಆ ಕಡೆ ಬನ್ನಿ,” ಎಂದ ಕೊನೆಗೆ. “ಊಟ ಮಾಡಿ. ಊಟಕ್ಕೇನೂ ಆಗಿಲ್ಲ.”

ಊಟಕ್ಕೇನೂ ಆಗಿರಲಿಲ್ಲ, ನಿಜ. ಆದರೆ ಜನರಿಗೆಲ್ಲ ಒಮ್ಮೆಗೇ ಕೆಲಸಗಳು ನೆನಪಾದವು. ಮನೆಯಲ್ಲಿ ವಯಸ್ಸಾದವರಿದ್ದಾರೆ, ಬಸ್ಸಿಗೆ ಹೊತ್ತಾಯಿತು, ಅಂಗಡಿ ತೆರೆಯಬೇಕು. ಕರೆಂಟು ಅಂಗಿಯ ತೋಳು ಮಡಿಸಿ ನೀರಿನ ಪಂಪು ನಿಲ್ಲಿಸಿ ಎರಡೂ ಕಕ್ಕಸಿಗೆ ಹೊರಗಿನಿಂದ ಚಿಲಕ ಹಾಕಿದ. ಸೊಂಡಿಲು ಊಟದ ತಟ್ಟೆ ಬಿಟ್ಟೆದ್ದು ಲಾರಿ ತರಲು ಹೋದ. ಹುಡುಗನ ತಾಯಿ ಮೂಗಿನ ಮೇಲೆ ಬಟ್ಟೆ ಹಿಡಿದುಕೊಂಡೇ ಅಪ್ಪನ ಹತ್ತಿರ ಬಂದರು.

“ಬಿಡಿ ಬೀಗರೇ. ನಾವು ಬಂದದ್ದು ಹುಡುಗಿಗೆ, ಸಿಕ್ಕಳು. ನಾತ ನಾಳೆ ಹೋಗುತ್ತೆ.”

ಅಪ್ಪ ಅವರಿಗೆ ಕೈಮುಗಿದ. ಮೂರನೆಯ ಸಲ ಮುಂದಕ್ಕೆ ಹೋಗಿದ್ದರೂ ಈ ಹೆಂಗಸು ಮದುವೆ ಮುರಿಯುತ್ತಿರಲಿಲ್ಲ ಎಂದು ನನಗೆ ಆಗ ಅನಿಸಿತು.

ನಾನು ಆ ದಿನ ಹೊರಡಬೇಕಿತ್ತು, ಹೊರಡಲಿಲ್ಲ. ಸೋಮವಾರ ಬೆಳಿಗ್ಗೆ ಅಪ್ಪ ಒಬ್ಬನೇ ಮೂಲೆಯ ಮಣ್ಣು ತೆಗೆದು ಇಂಗುಗುಂಡಿಯ ಚಪ್ಪಡಿ ಸರಿಸಿದ. ನಾನು ಟೇಪು ಹಿಡಿದು ನಿಂತೆ. ಹಿಡಿಯುವ ಅಗತ್ಯವಿರಲಿಲ್ಲ, ಕೈಯಲ್ಲಿ ಬೇರೇನಿತ್ತು? ಅಪ್ಪ ಸಲಿಕೆಯಿಂದ ಗುಂಡಿಯ ಗೋಡೆಯನ್ನು ಕೆರೆದ. ಕಪ್ಪು ಜಿಡ್ಡು, ಬೆರಳು ದಪ್ಪ. ಅದನ್ನು ಎತ್ತಿ ಹಿಡಿದು ಬಿಸಿಲಿನಲ್ಲಿ ನೋಡಿದ. ಎಷ್ಟು ದಿನದ್ದೆಂದು ಹೇಳಲು ಅವನಿಗೆ ಮೂಗು ಬೇಕಿರಲಿಲ್ಲ.

“ಯಾವತ್ತು ಬಂತು?”

“ಬುಧವಾರ.”

ಅವನು ಸಲಿಕೆಯನ್ನು ಕಲ್ಲಿಗೆ ಒರೆಸಿದ. ಒಂದು ಕಡೆ ಒರೆಸಿ, ತಿರುಗಿಸಿ, ಇನ್ನೊಂದು ಕಡೆ ಒರೆಸಿದ.

“ಮುಂದಕ್ಕೆ ಹಾಕ್ತಿರಲಿಲ್ಲ,” ಎಂದ. “ಸೊಂಡಿಲಿನ ಮುಂದೆ ಹಾಗೆ ಹೇಳಿದೆ ಅಷ್ಟೆ. ನೀನು ಹೇಳಿದ್ರೆ ಶಾಲೆಯ ಬೀಗದಕೈ ತರ್ತಿದ್ದೆ.”

ತರುತ್ತಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ಈಗ ಹಾಗೆ ಹೇಳಿದ.

“ಟೇಪು ಒಳಗಿಡು. ಒದ್ದೆಯಾದ್ರೆ ತುಕ್ಕು ಹಿಡಿಯುತ್ತೆ,” ಎಂದು ಅಪ್ಪ ಗುಂಡಿಗೆ ಬಾಗಿದ.

ನಾನು ಒಳಗಿಟ್ಟೆ. ಅದೇ ಮೊಳೆಗೆ. ಮಧ್ಯಾಹ್ನ ಕರೆಂಟು ಬಂದು ಕರೆದುಕೊಂಡು ಹೋದ.

ಶಾಲೆಯ ಕೆಲಸ ಮಂಗಳವಾರ ಹೋಯಿತು. ಹೆಡ್‌ಮಾಸ್ತರು ತಾವೇ ಬಂದು, ಕ್ಷಮೆ ಕೇಳಿ, ಸಮಿತಿಯವರು ಒಪ್ಪುತ್ತಿಲ್ಲ ಎಂದು ಹೇಳಿ ಹೋದರಂತೆ. ಲಾಡ್ಜಿನ ಮಾಲೀಕ ಕೆಲಸ ಬೇಡವೆಂದು ಫೋನ್ ಮಾಡಿದ. ಹಲ್ಲಿನ ಡಾಕ್ಟರ ಹೆಂಡತಿ ಫೋನ್ ಎತ್ತುವುದನ್ನು ಬಿಟ್ಟಳು. ಬೇಕರಿಯವನು ಮಾತ್ರ ತನ್ನ ಕೆಲಸ ಹಾಗೇ ಇರಲಿ ಎಂದ. ಟೇಪಮ್ಮನೂ ಬರಬೇಕು ಎಂದು ಸೇರಿಸಿದ.

ಊಟಕ್ಕೆ ಬಂದವರು ಇನ್ನೂರ ಹದಿನಾಲ್ಕು ಜನ, ಉಂಡವರು ತೊಂಬತ್ತಾರು. ಆ ವರ್ಷ ಅಪ್ಪ ಒಪ್ಪಿಕೊಂಡಿದ್ದ ಟ್ಯಾಂಕುಗಳು ಹನ್ನೊಂದು. ತಿಂಗಳು ಮುಗಿಯುವುದರೊಳಗೆ ಒಂಬತ್ತು ಹೋದವು.